ಸ್ಕೀ ತಳಕ್ಕೆ ಒಂದೇ ಸಲದ ಲೇಪವೋ, ಆಗಾಗ ವ್ಯಾಕ್ಸೋ?

ಸ್ಕೀ ಚೆನ್ನಾಗಿ ಜಾರಲಿ ಎಂದು ಅದರ ತಳಕ್ಕೆ ವ್ಯಾಕ್ಸ್, ಅಂದರೆ ಮೇಣ, ಹಚ್ಚಿ ಇಸ್ತ್ರಿಯ ಬಿಸಿಯಿಂದ ಹಿಡಿಸುತ್ತಾರೆ. ಅದರ ಬದಲು ಒಮ್ಮೆ ಹಚ್ಚಿದರೆ ಸಾಕು ಎನ್ನುವ ಲೇಪಗಳೂ ಇವೆ. ಎರಡರಲ್ಲಿ ಯಾವುದು ಎಂದು ಅಂಗಡಿಗೆ ಹೋಗುವ ಮೊದಲು ಒಂದು ಲೆಕ್ಕ ಹಾಕಿ. ಕಳೆದ ಚಳಿಗಾಲದಲ್ಲಿ ನೀವು ಎಷ್ಟು ದಿನ ಸ್ಕೀ ಮಾಡಿದಿರಿ? ಮಾಡಬೇಕು ಅಂದುಕೊಂಡ ದಿನಗಳನ್ನು ಬಿಡಿ, ನಿಜಕ್ಕೂ ಮಾಡಿದ್ದನ್ನು ಎಣಿಸಿ. ಸೀಸನ್ ಪಾಸ್ ಕೊಳ್ಳುವಾಗ ಎಲ್ಲರೂ ಮೂವತ್ತು ದಿನ ಅನ್ನುತ್ತಾರೆ. ಆಮೇಲೆ ಮಗಳ ಪರೀಕ್ಷೆ, ಆಫೀಸಿನ ರಿಲೀಸ್, ಊರಿಂದ ಅಪ್ಪ ಅಮ್ಮ ಬಂದದ್ದು, ಒಂದು ವಾರದ ಜ್ವರ, ಎಲ್ಲ ಕಳೆದು ಹನ್ನೆರಡು ಉಳಿಯುತ್ತದೆ. ನನ್ನದಂತೂ ಹಾಗೇ.

ವರ್ಷಕ್ಕೆ ನಾಲ್ಕೈದು ದಿನ, ಅದೂ ಬಾಡಿಗೆ ಸ್ಕೀಯಲ್ಲಿ ಅಂದರೆ ನಿಮಗೆ ಲೇಪವೂ ಬೇಡ, ಇಸ್ತ್ರಿಯೂ ಬೇಡ. ಒಂದು ಪುಟ್ಟ ಡಬ್ಬಿ ಪೇಸ್ಟ್ ವ್ಯಾಕ್ಸ್ ಜೇಬಿನಲ್ಲಿರಲಿ. ಸ್ಕೀ ಹಿಮಕ್ಕೆ ಅಂಟಿದ ಹಾಗೆ ಅನಿಸಿದರೆ ತಳ ಒರೆಸಿ, ಉಜ್ಜಿ, ಹೊರಡಿ. ಬೆಂಗಳೂರಿನಿಂದ ಗುಲ್ಮಾರ್ಗ್‌ಗೋ ಔಲಿಗೋ ಒಂದು ವಾರ ಹೋಗಿ ಕಲಿಯುವವರಿಗೂ ಇಷ್ಟೇ ಸಾಕು. ಬೆಳೆಯುವ ಮಕ್ಕಳ ಸ್ಕೀಗೂ ಶಾಶ್ವತ ಲೇಪ ದಂಡ. ಮುಂದಿನ ನವೆಂಬರ್‌ಗೆ ಆ ಸ್ಕೀ ಅವರಿಗೆ ಚಿಕ್ಕದಾಗಿರುತ್ತದೆ.

ಸ್ವಂತ ಸ್ಕೀ ಇಟ್ಟುಕೊಂಡು ವರ್ಷಕ್ಕೆ ಹತ್ತೋ ಇಪ್ಪತ್ತೋ ದಿನ ಗುಡ್ಡ ಹತ್ತುವವರಿಗೆ ಈ ಲೇಖನ. ನಾನಿರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಆಲ್ಟಾ, ಸ್ನೋಬರ್ಡ್, ಬ್ರೈಟನ್ ಎಂಬ ಸ್ಕೀ ತಾಣಗಳೆಲ್ಲ ಹತ್ತಿರ, ಕಣಿವೆ ರಸ್ತೆಯಲ್ಲಿ ಕಾರುಗಳ ಸಾಲು ಇಲ್ಲದಿದ್ದರೆ. ‘ಒಮ್ಮೆ ಹಚ್ಚಿ, ಆಮೇಲೆ ವ್ಯಾಕ್ಸ್ ಬೇಡ’ ಎನ್ನುವ ಲೇಪಗಳಲ್ಲಿ ಹೆಚ್ಚು ಹೆಸರಾದ ಫ್ಯಾಂಟಮ್ ಕೂಡ ಇದೇ ಊರಿನ ಡಿಪಿಎಸ್ ಎಂಬ ಸ್ಕೀ ಕಂಪನಿಯದು; 2017ರಲ್ಲಿ ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಹಣ ಕೂಡಿಸುವ ವೆಬ್‌ಸೈಟ್ ಮೂಲಕ ಜನರ ಮುಂದೆ ಬಂತು. ಹಾಗಾಗಿ ಇಲ್ಲಿ ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಕುರ್ಚಿಯಲ್ಲಿ ಪಕ್ಕ ಕೂತವರನ್ನು ಕೇಳಿದರೂ ಈ ವಿಷಯದಲ್ಲಿ ಒಂದು ಅಭಿಪ್ರಾಯ ಸಿಗುತ್ತದೆ. ನನ್ನ ಗ್ಯಾರೇಜಿನಲ್ಲಿ ಎರಡು ಜೋಡಿ ಇವೆ. ಒಂದಕ್ಕೆ ಇಂಥ ಲೇಪ ಹಾಕಿದ್ದೇನೆ. ಇನ್ನೊಂದಕ್ಕೆ ಈಗಲೂ ನಾನೇ ವ್ಯಾಕ್ಸ್ ಮಾಡುತ್ತೇನೆ.

ತಳದಲ್ಲಿ ಇರುವುದೇನು

ಸ್ಕೀಯನ್ನು ಮಗುಚಿ ನೋಡಿ. ಕಪ್ಪಗಿರುವ ಆ ತಳ ಪಾಲಿಎಥಿಲೀನ್. ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್‌ಗೆ ನೆಂಟ. ಆದರೆ ಇದರ ಅಣುಗಳು ವಿಪರೀತ ಉದ್ದ, ಅದಕ್ಕೇ ಬಲು ಗಟ್ಟಿ. ಪುಡಿಯನ್ನು ಬಿಸಿ ಮಾಡಿ, ಒತ್ತಿ ಮಾಡಿದ್ದು ಸಿಂಟರ್ಡ್ ತಳ. ಕರಗಿಸಿ ಹಾಳೆಯಂತೆ ಎಳೆದದ್ದು ಎಕ್ಸ್‌ಟ್ರೂಡೆಡ್ ತಳ. ಎರಡನೆಯದು ಅಗ್ಗ, ರಿಪೇರಿಗೆ ಸುಲಭ, ಬಾಡಿಗೆ ಸ್ಕೀಗಳಲ್ಲಿ ಜಾಸ್ತಿ. ಮೊದಲನೆಯದು ವ್ಯಾಕ್ಸನ್ನು ಚೆನ್ನಾಗಿ ಹೀರುತ್ತದೆ.

ತಳದಲ್ಲಿ ಸಣ್ಣ ಸಣ್ಣ ತೂತುಗಳಿವೆ, ವ್ಯಾಕ್ಸ್ ಅದರೊಳಗೆ ಹೋಗಿ ಕೂರುತ್ತದೆ ಎಂದು ಎಷ್ಟೋ ಅಂಗಡಿಯವರು ಹೇಳುತ್ತಾರೆ. ಸ್ಪಂಜಿನ ಥರದ ತೂತು ಅಲ್ಲಿ ಇಲ್ಲ. ಪಾಲಿಎಥಿಲೀನ್ ಒಳಗೆ ಅಣುಗಳು ಓರಣವಾಗಿ ಕೂತ ಜಾಗಗಳಿವೆ, ಸಿಕ್ಕುಸಿಕ್ಕಾಗಿ ಸಡಿಲವಿರುವ ಜಾಗಗಳೂ ಇವೆ. ಇಸ್ತ್ರಿಯ ಬಿಸಿಗೆ ಆ ಸಡಿಲ ಜಾಗಗಳಲ್ಲಿ ಸ್ವಲ್ಪ ವ್ಯಾಕ್ಸ್ ಸೇರಿಕೊಳ್ಳುತ್ತದೆ. ಸ್ವಲ್ಪವೇ. ನೀವು ಹಚ್ಚಿದ್ದರಲ್ಲಿ ಬಹುಪಾಲು ಕೆರೆದು ಕಸಕ್ಕೆ ಹೋಗುತ್ತದೆ.

ಇನ್ನು ಸ್ಕೀ ಜಾರುವುದೇಕೆ? 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ಕೇಂಬ್ರಿಜ್ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್‌ನಲ್ಲಿ ಪ್ರಯೋಗ ಮಾಡಿದರು. ತಳ ಹಿಮಕ್ಕೆ ತಿಕ್ಕಿದಾಗ ಹುಟ್ಟುವ ಬಿಸಿಗೆ ಹಿಮ ಚೂರು ಕರಗಿ, ತೆಳ್ಳನೆ ನೀರಿನ ಪದರ ಆಗುತ್ತದೆ, ಸ್ಕೀ ಅದರ ಮೇಲೆ ಜಾರುತ್ತದೆ ಎಂದರು. ಈ ಒಂದು ವಿಷಯ ತಲೆಯಲ್ಲಿದ್ದರೆ ಮಿಕ್ಕದ್ದೆಲ್ಲ ಸಲೀಸು. ತುಂಬ ಚಳಿಯಲ್ಲಿ ನೀರು ಸಾಲದು, ಹರಳುಗಳು ಚೂಪಾಗಿ ಮರಳಿನ ಹಾಗೆ ತಳವನ್ನು ಉಜ್ಜುತ್ತವೆ. ಆಗ ಗಟ್ಟಿ ವ್ಯಾಕ್ಸ್ ಬೇಕು. ಮಾರ್ಚ್ ಮಧ್ಯಾಹ್ನದ ಹಿಮದಲ್ಲಿ ನೀರು ಜಾಸ್ತಿ. ತೊಳೆದಿಟ್ಟ ಎರಡು ಸ್ಟೀಲ್ ತಟ್ಟೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವಲ್ಲ, ಹಾಗೆ ತಳ ಹಿಮವನ್ನು ಕಚ್ಚುತ್ತದೆ. ಆಗ ನೀರನ್ನು ದೂಡುವ ಮೆದು ವ್ಯಾಕ್ಸ್ ಬೇಕು. ನೀರು ಹರಿದುಹೋಗಲು ತಳದಲ್ಲಿ ಸಣ್ಣ ಗೆರೆಗಳೂ ಬೇಕು.

ವ್ಯಾಕ್ಸ್ ಮಾಡುವ ಸ್ಕೀ ಕಬ್ಬಿಣದ ಕಾವಲಿ ಇದ್ದ ಹಾಗೆ, ಲೇಪದ ಸ್ಕೀ ನಾನ್‌ಸ್ಟಿಕ್ ತವಾ ಇದ್ದ ಹಾಗೆ. ಕಾವಲಿಗೆ ಪ್ರತಿ ಸಲ ಎಣ್ಣೆ ಬೇಕು, ಅರ್ಧ ಈರುಳ್ಳಿ ಬೇಕು, ಒಂದು ತಿಂಗಳು ಮುಟ್ಟದಿದ್ದರೆ ಮೊದಲ ದೋಸೆ ಕಿತ್ತು ಬರುತ್ತದೆ. ಆದರೆ ಪಳಗಿದ ಕಾವಲಿಯ ಗರಿಯೇ ಬೇರೆ. ನಾನ್‌ಸ್ಟಿಕ್‌ನಲ್ಲಿ ರಗಳೆ ಇಲ್ಲ, ದೋಸೆ ದಿನಾ ಒಂದೇ ಥರ. ಈ ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ: ನಾನ್‌ಸ್ಟಿಕ್ ಲೇಪ ಮೇಲೆ ಕೂತಿರುವ ಪದರ, ಸೌಟು ತಾಗಿದರೆ ಏಳುತ್ತದೆ. ಸ್ಕೀ ಲೇಪ ದ್ರವವಾಗಿ ತಳದೊಳಕ್ಕೆ ಇಳಿದು, ಬಿಸಿಲಿನ ಯುವಿ ಕಿರಣಕ್ಕೆ ಒಳಗೇ ಗಟ್ಟಿಯಾಗುತ್ತದೆ. ಕಲ್ಲಿನ ಚಕ್ರದಲ್ಲಿ ತಳ ಉಜ್ಜಿಸಿದರೂ ಹೋಗುವುದಿಲ್ಲ ಎಂದು ಕಂಪನಿ ಹೇಳುವುದು ಇದಕ್ಕೇ. ಇನ್ನೊಂದು ರೀತಿಯಲ್ಲಿ ಹೇಳಿದರೆ, ಇಷ್ಟವಾಗಲಿಲ್ಲ ಅಂತ ತೆಗೆಸಲು ಆಗುವುದಿಲ್ಲ.

ಲೇಪದಿಂದ ಏನು ಸಿಗುತ್ತದೆ, ಏನು ಸಿಗಲ್ಲ

ಹೊಸದಾಗಿ, ಆ ದಿನದ ಚಳಿಗೆ ತಕ್ಕ ವ್ಯಾಕ್ಸ್ ಹಾಕಿದ ಸ್ಕೀಯಷ್ಟು ವೇಗ ಲೇಪದಿಂದ ನನಗೆ ಯಾವತ್ತೂ ಸಿಕ್ಕಿಲ್ಲ. ಆದರೆ ವ್ಯಾಕ್ಸಿನ ಆ ಹೊಸತನ ಒಂದೆರಡು ದಿನದ್ದು. ಮೂರನೇ ದಿನದ ವ್ಯಾಕ್ಸ್‌ಗೂ ಲೇಪಕ್ಕೂ, ಜನವರಿಯ ಒಣ ಹಿಮದಲ್ಲಿ, ನನ್ನಂಥವನ ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಐದಾರು ದಿನ ವ್ಯಾಕ್ಸ್ ಕಾಣದ ಸ್ಕೀಗಿಂತ ಲೇಪದ್ದು ಎಷ್ಟೋ ಮೇಲು. ಹವ್ಯಾಸಕ್ಕೆ ಸ್ಕೀ ಮಾಡುವ ಬಹುಪಾಲು ಜನರ ಸ್ಕೀ ಇರುವುದು ಈ ಕೊನೆಯ ಸ್ಥಿತಿಯಲ್ಲೇ, ಅಲ್ವಾ?

ಲೇಪ ಎಡ್ಜ್ (ತಳದ ಅಂಚಿನ ಲೋಹದ ಪಟ್ಟಿ) ಚೂಪು ಮಾಡುವುದಿಲ್ಲ, ತುಕ್ಕು ತಡೆಯುವುದಿಲ್ಲ, ಕಲ್ಲು ತಾಗಿ ಕಿತ್ತುಹೋದ ತಳವನ್ನು ತುಂಬುವುದಿಲ್ಲ. ವ್ಯಾಕ್ಸೂ ಅವನ್ನು ಮಾಡುವುದಿಲ್ಲ ಎನ್ನುತ್ತೀರಿ. ನಿಜ. ಆದರೆ ವ್ಯಾಕ್ಸ್ ಮಾಡುವವರು ಎರಡು ವಾರಕ್ಕೊಮ್ಮೆ ಸ್ಕೀಯನ್ನು ಮಗುಚಿ, ದೀಪದ ಕೆಳಗಿಟ್ಟು, ಕೈಯಾಡಿಸುತ್ತಾರೆ. ಎಡ್ಜ್ ಮೇಲೆ ಎದ್ದ ಮುಳ್ಳು ಬೆರಳಿಗೆ ಚುಚ್ಚುತ್ತದೆ, ತಳದ ಗಾಯ ಕಣ್ಣಿಗೆ ಬೀಳುತ್ತದೆ. ಲೇಪ ಹಾಕಿಸಿದ ಮೊದಲ ವರ್ಷ ನಾನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಮ್ಮೆಯೂ ಆ ಸ್ಕೀ ಮಗುಚಿ ನೋಡಲಿಲ್ಲ. ನೋಡಿದಾಗ ಎಡಗಾಲಿನ ಸ್ಕೀಯಲ್ಲಿ ಬೂಟು ಸಿಕ್ಕಿಸುವ ಬೈಂಡಿಂಗ್ ಕೆಳಗೆ, ಎಡ್ಜ್ ಪಕ್ಕದಲ್ಲೇ, ಬೆರಳಗಲದ ಗಾಯ. ನೀರು ಒಳಗೆ ಇಳಿಯಲು ಶುರುವಾಗಿತ್ತು. ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ನಾಲ್ಕು ವರ್ಷದ ವ್ಯಾಕ್ಸ್ ಬರುತ್ತಿತ್ತು. ಹಾಗಾಗಿ ಲೇಪ ಹಾಕಿಸುವವರಿಗೆ ನನ್ನ ಮೊದಲ ಸಲಹೆ: ಫೋನಿನಲ್ಲಿ ಎರಡು ವಾರಕ್ಕೊಂದು ಅಲಾರಂ ಇಡಿ. ಅವತ್ತು ಸ್ಕೀ ಮಗುಚಿ, ಒರೆಸಿ, ಎಡ್ಜ್ ಮೇಲೆ ಉಗುರು ಎಳೆದು ನೋಡಿ. ಉಗುರಿನ ಪುಡಿ ಎದ್ದರೆ ಎಡ್ಜ್ ಚೂಪಾಗಿದೆ, ಸುಮ್ನೆ ಜಾರಿಕೊಂಡು ಹೋದರೆ ಮೊಂಡಾಗಿದೆ.

ಮನೆಯಲ್ಲಿ ವ್ಯಾಕ್ಸ್ ಮಾಡುವ ಬಗೆ

ಬೇಕಾದ್ದು: ವ್ಯಾಕ್ಸ್ ಇಸ್ತ್ರಿ, ವ್ಯಾಕ್ಸಿನ ಒಂದು ಗಟ್ಟಿ (ಸೋಪಿನಂಥ ತುಂಡು), ಪ್ಲಾಸ್ಟಿಕ್ ಸ್ಕ್ರೇಪರ್, ಹಿತ್ತಾಳೆ ಬ್ರಷ್, ನೈಲಾನ್ ಬ್ರಷ್, ಎರಡು ದಪ್ಪ ರಬ್ಬರ್ ಬ್ಯಾಂಡ್, ಹಳೇ ಬೆಡ್‌ಶೀಟ್. ಸ್ಕೀ ಹಿಡಿಯುವ ವೈಸ್ ಇದ್ದರೆ ಆರಾಮ. ಇಲ್ಲದಿದ್ದರೆ ಒಂದೇ ಎತ್ತರದ ಎರಡು ಸ್ಟೂಲ್ ಸಾಕು.

ಬಟ್ಟೆ ಇಸ್ತ್ರಿಯಿಂದ ಮಾಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ, ಮಾಡಿಯೂ ನೋಡಿದೆ. ಬಟ್ಟೆ ಇಸ್ತ್ರಿಯ ಬಿಸಿ ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಕಾಟನ್‌ಗೆ ಇಟ್ಟರೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತಳದ ಪಾಲಿಎಥಿಲೀನ್ 135 ಡಿಗ್ರಿಯ ಹತ್ತಿರ ಕರಗುತ್ತದೆ. ಹಬೆಯ ತೂತುಗಳಲ್ಲಿ ವ್ಯಾಕ್ಸ್ ಸೇರಿಕೊಂಡು, ಮುಂದಿನ ವಾರ ಹೆಂಡತಿಯ ರೇಷ್ಮೆ ಸೀರೆಗೆ ಇಳಿದರೆ ಆ ವಿಷಯ ಬೇರೆಯೇ ಲೇಖನ ಆಗುತ್ತದೆ. ಐವತ್ತು ಅರವತ್ತು ಡಾಲರ್‌ಗೆ ವ್ಯಾಕ್ಸ್ ಇಸ್ತ್ರಿ ಸಿಗುತ್ತದೆ. ಅದನ್ನೇ ಕೊಳ್ಳಿ.

ಮೊದಲನೆಯದಾಗಿ, ಸ್ಕೀಯನ್ನು ಹಿಂದಿನ ರಾತ್ರಿಯೇ ಮನೆಯೊಳಗೆ ತನ್ನಿ. ಕೊರೆಯುವ ಗ್ಯಾರೇಜಿನಿಂದ ನೇರ ಎತ್ತಿ ವ್ಯಾಕ್ಸ್ ಹಚ್ಚಿದರೆ, ತಳ ಬಿಸಿಯಾಗುವ ಮುಂಚೆ ವ್ಯಾಕ್ಸ್ ಮೇಲೆಯೇ ಹೆಪ್ಪುಗಟ್ಟುತ್ತದೆ. ಒಣ ಬಟ್ಟೆಯಿಂದ ತಳ, ಎಡ್ಜ್ ಎರಡನ್ನೂ ಒರೆಸಿ. ಬೈಂಡಿಂಗ್‌ನಿಂದ ಕೆಳಕ್ಕೆ ಚಾಚುವ ಬ್ರೇಕ್‌ನ ಎರಡು ಕಾಲುಗಳನ್ನು ಮೇಲಕ್ಕೆತ್ತಿ, ರಬ್ಬರ್ ಬ್ಯಾಂಡನ್ನು ಬೈಂಡಿಂಗ್ ಮೇಲಿಂದ ಹಾಯಿಸಿ ಕಟ್ಟಿ. ಇಲ್ಲದಿದ್ದರೆ ಇಸ್ತ್ರಿ ಆಡಿಸುವಾಗ ಅಡ್ಡ ಬರುತ್ತವೆ.

ಎಡ್ಜ್ ಕೆಲಸ ಇದ್ದರೆ ಈಗಲೇ ಮುಗಿಸಿ. ಅರ ಹಾಕಿದಾಗ ಉದುರುವ ಕಬ್ಬಿಣದ ಪುಡಿ ಹೊಸ ವ್ಯಾಕ್ಸ್‌ನೊಳಗೆ ಹೂತುಕೊಳ್ಳಬಾರದು. ತುಕ್ಕಿನ ಚುಕ್ಕೆ ಮಾತ್ರ ಇದ್ದರೆ ಅರ ಬೇಡ, ಗಮ್ಮಿ ಸ್ಟೋನ್ ಎಂಬ ರಬ್ಬರಿನಂಥ ಕಲ್ಲಿನಿಂದ ಎರಡು ಸಲ ಎಳೆದರೆ ಹೋಗುತ್ತದೆ.

ಆಮೇಲೆ ಹಿತ್ತಾಳೆ ಬ್ರಷ್. ಮುಂತುದಿಯಿಂದ ಹಿಂತುದಿಗೆ, ಒಂದೇ ದಿಕ್ಕಿನಲ್ಲಿ, ಹತ್ತು ಸಲ. ಹಳೇ ವ್ಯಾಕ್ಸ್, ಲಿಫ್ಟ್‌ನ ಗ್ರೀಸ್, ಪೈನ್ ಮರದ ಅಂಟು ಎದ್ದು ಬರುತ್ತವೆ. ತಳ ತುಂಬ ಕೊಳೆಯಾಗಿದ್ದರೆ ಮೆದು ಹಳದಿ ವ್ಯಾಕ್ಸ್ ಹಚ್ಚಿ, ಬಿಸಿ ಆರುವ ಮುಂಚೆಯೇ ಕೆರೆದುಬಿಡಿ. ಬೂದು ಬಣ್ಣದ ಕೊಳೆ ವ್ಯಾಕ್ಸ್‌ನ ಜೊತೆ ಬರುತ್ತದೆ. ಬಾಟಲಿಯ ಸಾಲ್ವೆಂಟ್ ಸುರಿಯುವುದಕ್ಕಿಂತ ಇದು ವಾಸಿ.

ಯಾವ ವ್ಯಾಕ್ಸ್? ಸ್ವಿಕ್ಸ್, ಟೋಕೊ ಥರದ ಕಂಪನಿಗಳು ಬಣ್ಣದಲ್ಲಿ ಗುರುತು ಮಾಡುತ್ತವೆ. ಹಳದಿ ಬೆಚ್ಚಗಿನ ಒದ್ದೆ ಹಿಮಕ್ಕೆ, ಕೆಂಪು ನಡುವಿನದ್ದಕ್ಕೆ, ನೀಲಿ ಚಳಿಗೆ. ಹವ್ಯಾಸದವರಿಗೆ ಎಲ್ಲ ಹವಾಮಾನಕ್ಕೂ ಆಗುವ ಯೂನಿವರ್ಸಲ್ ವ್ಯಾಕ್ಸ್ ಒಂದಿದ್ದರೆ ಸಾಕು. ಜೊತೆಗೆ ಒಂದು ಹಳದಿ ಇಟ್ಟುಕೊಳ್ಳಿ, ಮಾರ್ಚ್‌ಗೆ ಬೇಕಾಗುತ್ತದೆ.

ಇಸ್ತ್ರಿಯ ಬಿಸಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟಕ್ಕೆ ಇಡಿ. ಮೆದು ವ್ಯಾಕ್ಸ್‌ಗೆ 120 ಡಿಗ್ರಿ ಆಸುಪಾಸು, ಗಟ್ಟಿಯದಕ್ಕೆ 140. ತಳವೇ 135ಕ್ಕೆ ಕರಗುವಾಗ 140 ಇಡುವುದು ಹೇಗೆ ಎಂದು ಕೇಳಿದರೆ, ಇಸ್ತ್ರಿ ನಿಲ್ಲದೆ ಓಡುತ್ತಿರುತ್ತದೆ, ನಡುವೆ ಕರಗಿದ ವ್ಯಾಕ್ಸ್ ಇರುತ್ತದೆ, ತಳಕ್ಕೆ ಅಷ್ಟು ಬಿಸಿ ತಾಗುವುದಿಲ್ಲ. ನಿಲ್ಲಿಸಿದರೆ ತಾಗುತ್ತದೆ. ಫೋನ್ ಬಂದರೆ ಮೊದಲು ಇಸ್ತ್ರಿ ಎತ್ತಿ. ವ್ಯಾಕ್ಸ್‌ನಿಂದ ಹೊಗೆ ಬಂದರೆ ಬಿಸಿ ಜಾಸ್ತಿಯಾಗಿದೆ ಎಂದೇ ಅರ್ಥ.

ವ್ಯಾಕ್ಸ್ ಗಟ್ಟಿಯನ್ನು ಇಸ್ತ್ರಿಗೆ ತಾಗಿಸಿ, ತಳದ ಮೇಲೆ ಎರಡು ಸಾಲು ಹನಿ ಬೀಳಿಸಿ. ಮಿತವಾಗಿ ಮಾಡಬೇಕೆಂದರೆ, ಗಟ್ಟಿಯ ತುದಿಯನ್ನು ಅರೆಕ್ಷಣ ಇಸ್ತ್ರಿಗೆ ಮುಟ್ಟಿಸಿ, ಮೆತ್ತಗಾದ ತಕ್ಷಣ ಬಳಪದ ಹಾಗೆ ತಳದ ಮೇಲೆ ಗೀಚಿ. ನಾನು ಈಗ ಹೀಗೇ ಮಾಡುವುದು, ವ್ಯಾಕ್ಸ್ ಅರ್ಧಕ್ಕರ್ಧ ಉಳಿಯುತ್ತದೆ. ಈಗ ಇಸ್ತ್ರಿಯನ್ನು ಮುಂತುದಿಯಲ್ಲಿಟ್ಟು ನಿಧಾನ, ನಿಲ್ಲಿಸದೆ, ಹಿಂತುದಿಯವರೆಗೆ ಎಳೆಯಿರಿ. ಕಣ್ಣು ಇಸ್ತ್ರಿಯ ಹಿಂದೆ ಇರಲಿ. ಅಲ್ಲಿ ಒದ್ದೆಯಾಗಿ ಹೊಳೆಯುವ ಒಂದು ಬಾಲ ಕಾಣುತ್ತದೆ, ಇಸ್ತ್ರಿ ಮುಂದೆ ಹೋದ ಹಾಗೆ ಅದು ಮಂಜಾಗಿ ಮುಚ್ಚಿಕೊಳ್ಳುತ್ತದೆ. ಆ ಹೊಳಪು ಅಂಗೈ ಉದ್ದ ಇದ್ದರೆ ವೇಗ ಸರಿ. ಮೊಳದುದ್ದ ಇದ್ದರೆ ನೀವು ತುಂಬ ನಿಧಾನ. ಎರಡು ಮೂರು ಸಲ ಎಳೆದ ಮೇಲೆ ಸ್ಕೀಯ ಇನ್ನೊಂದು ಮೈಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಾಕು. ಸುಡುವಂತಿದ್ದರೆ ಬಿಟ್ಟು ಎದ್ದೇಳಿ.

ಆರಲು ಬಿಡಿ. ಅರ್ಧ ಗಂಟೆಯಾದರೂ ಬೇಕು, ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಬೇಗ ಆಗಲಿ ಅಂತ ಹೊರಗೆ ಹಿಮದಲ್ಲಿ ಇಡಬೇಡಿ.

ಕೆರೆಯುವುದೇ ಇದರಲ್ಲಿ ಬೆವರಿನ ಕೆಲಸ. ಮೊದಲು ಸ್ಕ್ರೇಪರ್‌ನ ಮೂಲೆಯ ಕಚ್ಚಿನಿಂದ ಎಡ್ಜ್ ಮೇಲಿನ ವ್ಯಾಕ್ಸ್ ತೆಗೆಯಿರಿ. ಆಮೇಲೆ ಎರಡೂ ಕೈಯಲ್ಲಿ ಸ್ಕ್ರೇಪರ್ ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿಸಿ, ಮುಂತುದಿಯಿಂದ ಹಿಂತುದಿಗೆ ದೂಡಿ. ವ್ಯಾಕ್ಸ್ ತೆಂಗಿನಕಾಯಿ ತುರಿಯ ಹಾಗೆ ಬಿಳಿ ಬಿಳಿ ಸುರುಳಿಯಾಗಿ ಏಳುತ್ತದೆ. ಪುಡಿ ಪುಡಿಯಾಗಿ ಉದುರಿದರೆ ಸ್ಕ್ರೇಪರ್ ಮೊಂಡಾಗಿದೆ, ಉಪ್ಪುಕಾಗದಕ್ಕೆ ನಾಲ್ಕು ಸಲ ತಿಕ್ಕಿ. ಇನ್ನು ಏನೂ ಬರುತ್ತಿಲ್ಲ ಅನಿಸುವವರೆಗೆ ಕೆರೆಯಿರಿ. ಮೇಲೆ ಉಳಿದ ವ್ಯಾಕ್ಸ್ ಜಾರಿಸುವುದಿಲ್ಲ, ತಡೆಯುತ್ತದೆ. ಹೊಸಬರು ಮಾಡುವ ತಪ್ಪು ಇದೇ: ‘ಇಷ್ಟು ಕಷ್ಟಪಟ್ಟು ಹಾಕಿದ್ದನ್ನು ತೆಗೆಯೋದಾ’ ಅಂತ ಅರ್ಧ ಬಿಡುತ್ತಾರೆ.

ಕೊನೆಗೆ ನೈಲಾನ್ ಬ್ರಷ್ಷಿನಲ್ಲಿ ಹತ್ತು ಹದಿನೈದು ಸಲ ಎಳೆದರೆ ತಳದ ಸಣ್ಣ ಗೆರೆಗಳು ತೆರೆದುಕೊಳ್ಳುತ್ತವೆ. ಬೆಳಕಿಗೆ ಹಿಡಿದರೆ ಕಾಣಬೇಕು. ಮೊದಲ ಸಲ ಒಂದೂವರೆ ಗಂಟೆ ಹಿಡಿಯುತ್ತದೆ. ಆಮೇಲೆ ಒಂದು ಜೋಡಿಗೆ, ಆರುವ ಹೊತ್ತು ಬಿಟ್ಟು, ಇಪ್ಪತ್ತೈದು ನಿಮಿಷ.

ಮತ್ತೆ ಯಾವಾಗ? ದಿನದ ಲೆಕ್ಕಕ್ಕಿಂತ ತಳವನ್ನೇ ಕೇಳಿ. ಎಡ್ಜ್ ಪಕ್ಕದಲ್ಲಿ, ಕಾಲಿನ ಕೆಳಗಿನ ಭಾಗದಲ್ಲಿ, ಚಳಿಗಾಲದಲ್ಲಿ ಮೊಣಕೈ ಚರ್ಮ ಬೆಳ್ಳಗಾಗುತ್ತದಲ್ಲ, ಹಾಗೆ ತಳ ಬೆಳ್ಳಗೆ ಕಂಡರೆ ಸಮಯ ಆಯಿತು. ನಮ್ಮ ಕಡೆಯ ಮೆದು ಹಿಮದಲ್ಲಿ ನಾಲ್ಕು ದಿನ ನಡೆಯುತ್ತದೆ. ಯಂತ್ರದಿಂದ ಮಾಡಿದ ಹಿಮವಾದರೆ ಎರಡೇ ದಿನ, ಅದರ ಕಣ ಒರಟು.

ಒಂದು ಮಾತು: ಇದೆಲ್ಲ ಇಳಿಜಾರಿನ ಸ್ಕೀಗೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರ ಸ್ಪರ್ಧಿಸುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ಲೆಕ್ಕವೇ ಬೇರೆ. ಅಲ್ಲಿನ ಕ್ಲಾಸಿಕ್ ಸ್ಕೀಯಲ್ಲಿ ನಡುಭಾಗ ಜಾರಬಾರದು, ಹಿಡಿಯಬೇಕು. ಅಲ್ಲಿಗೆ ಜಾರುವ ವ್ಯಾಕ್ಸ್ ಹಚ್ಚಿದರೆ ನಿಂತಲ್ಲೇ ಕಾಲು ಆಡಿಸುತ್ತಿರಬೇಕಾಗುತ್ತದೆ.

ಲೇಪ ಹಚ್ಚುವ ಬಗೆ

ಇದನ್ನು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮಾಡಿ. ನಾನು ಮೊದಲ ಸಲ ಮಾಡಿದ್ದು ಡಿಸೆಂಬರ್‌ನಲ್ಲಿ, ಅದೂ ಎರಡು ತಪ್ಪುಗಳ ಜೊತೆ.

ಮೊದಲ ತಪ್ಪು, ತಳದಲ್ಲಿ ಹಳೇ ವ್ಯಾಕ್ಸ್ ಇತ್ತು. ಬ್ರಷ್ ಹಾಕಿ, ಸಾಲ್ವೆಂಟಿನಲ್ಲಿ ಒರೆಸಿದೆ, ಸಾಕು ಅಂದುಕೊಂಡೆ. ಲೇಪ ಒಳಗೆ ಇಳಿಯಬೇಕಾದ ಜಾಗದಲ್ಲಿ ವ್ಯಾಕ್ಸ್ ಕೂತಿದ್ದರೆ ಅದು ಎಲ್ಲಿಗೆ ಹೋಗಬೇಕು? ಎರಡನೆಯದು ಬಿಸಿಲು. ಚಳಿಗಾಲದಲ್ಲಿ ಸಾಲ್ಟ್ ಲೇಕ್ ಕಣಿವೆಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತು, ಕೆಳಗೆ ಹೊಗೆ ಮಂಜು ವಾರಗಟ್ಟಲೆ ನಿಲ್ಲುತ್ತದೆ. ಆ ಮಬ್ಬಿನಲ್ಲಿ ನಾನು ಸ್ಕೀಯನ್ನು ಕಿಟಕಿ ಗಾಜಿನ ಒಳಗೆ ಒರಗಿಸಿಟ್ಟೆ. ಗಾಜು ಯುವಿಯಲ್ಲಿ ಒಂದಷ್ಟನ್ನು ತಡೆಯುತ್ತದೆ ಎನ್ನುವುದು ಆಮೇಲೆ ಹೊಳೆಯಿತು. ಏಳೆಂಟು ದಿನ ಸ್ಕೀ ಮಾಡುವಷ್ಟರಲ್ಲಿ ತಳ ಅಲ್ಲಲ್ಲಿ ಬೆಳ್ಳಗಾಗಿ, ಹಪ್ಪಳದ ಮೇಲಿನ ಗುಳ್ಳೆಗಳ ಹಾಗೆ ಚುಕ್ಕೆ ಚುಕ್ಕೆ. ಲೇಪದ ತಪ್ಪಲ್ಲ, ನನ್ನದೇ. ಮುಂದಿನ ಶರತ್ಕಾಲದಲ್ಲಿ ಮೊದಲಿಂದ ಮಾಡಬೇಕಾಯಿತು.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಅಂಗಡಿಯಲ್ಲಿ ತಳವನ್ನು ಕಲ್ಲಿನ ಚಕ್ರಕ್ಕೆ ಕೊಡಿಸಿ. ಕೊಡುವಾಗ ‘ವ್ಯಾಕ್ಸ್ ಹಾಕಬೇಡಿ’ ಎಂದು ಚೀಟಿ ಬರೆದು ಸ್ಕೀಗೇ ಅಂಟಿಸಿ. ಬಾಯಲ್ಲಿ ಹೇಳಿದರೆ ಸಾಲದು, ಅವರ ಕೈ ಅಭ್ಯಾಸಬಲದಿಂದ ವ್ಯಾಕ್ಸ್ ಯಂತ್ರದ ಕಡೆಗೇ ಹೋಗುತ್ತದೆ. ಮನೆಗೆ ತಂದ ಮೇಲೆ ಬ್ರಷ್ ಹಾಕಿ, ಒಣಗಿಸಿ, ಎಡ್ಜ್‌ನಿಂದ ಮೇಲಿನ ಭಾಗಕ್ಕೆ ಟೇಪ್ ಸುತ್ತಿ. ಕೈಗವಸು ಹಾಕಿಕೊಳ್ಳಿ, ಗ್ಯಾರೇಜ್ ಬಾಗಿಲು ತೆರೆದಿಡಿ. ದ್ರವವನ್ನು ತಳದ ಮೇಲೆ ಸಮನಾಗಿ ಹರಡಿ, ಒಳಗೆ ಇಳಿಯಲು ಲೇಪದ ಜೊತೆ ಬಂದ ಚೀಟಿಯಲ್ಲಿ ಬರೆದಷ್ಟು ಹೊತ್ತು ಬಿಡಿ. ಇಲ್ಲಿ ಆತುರ ಬೇಡ. ಆಮೇಲೆ ಅಂಗಳಕ್ಕೆ ತಂದು, ಬಿಸಿಲಿಗೆ ಎದುರಾಗಿ ಒರಗಿಸಿ. ಸೂರ್ಯ ಸರಿದಂತೆ ಸ್ಕೀಯನ್ನೂ ಸರಿಸಬೇಕು, ಸಂಡಿಗೆ ಒಣಗಿಸಿದ ಹಾಗೆಯೇ. ನೆರಳು ಬಿದ್ದ ಭಾಗ ಹಸಿಯಾಗಿ ಉಳಿಯುತ್ತದೆ. ಕೊನೆಗೆ ಬ್ರಷ್ ಹಾಕಿ, ಮೇಲೆ ಉಳಿದದ್ದನ್ನು ತೆಗೆದರೆ ಮುಗಿಯಿತು.

ಕೆಲವು ಅಂಗಡಿಗಳು ಯುವಿ ದೀಪದ ಯಂತ್ರ ಇಟ್ಟುಕೊಂಡು ತಾವೇ ಮಾಡಿಕೊಡುತ್ತವೆ. ಬಿಸಿಲು ಕಡಿಮೆ ಇರುವ ಊರಿನವರು, ಸಿಯಾಟಲ್, ವ್ಯಾಂಕೂವರ್ ಕಡೆಯವರು, ಅಲ್ಲೇ ಕೊಡುವುದು ಲೇಸು.

ಮಾರ್ಚ್ ಬಂದಾಗ

ಲೇಪದ ಬಗ್ಗೆ ಬೇಸರ ಹುಟ್ಟುವುದು ಮಾರ್ಚ್, ಏಪ್ರಿಲ್‌ನಲ್ಲಿ. ಬೆಳಿಗ್ಗೆ ಗಟ್ಟಿಯಿದ್ದ ಹಿಮ ಹನ್ನೆರಡಕ್ಕೆ ನೆನೆದ ಅವಲಕ್ಕಿ ಆಗುತ್ತದೆ. ಓಡುತ್ತಿದ್ದ ಸ್ಕೀ ಇದ್ದಕ್ಕಿದ್ದಂತೆ ಹಿಡಿಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಮಂಡಿಗೆ ಒಳ್ಳೆಯದಲ್ಲ. ಲೇಪವಿದ್ದರೂ ಮೇಲೆ ಹಳದಿ ವ್ಯಾಕ್ಸ್ ಹಚ್ಚಬಹುದು, ಅಡ್ಡಿಯಿಲ್ಲ. ನಾನು ಮಾರ್ಚ್‌ನಲ್ಲಿ ಪೇಸ್ಟ್ ವ್ಯಾಕ್ಸ್ ಉಜ್ಜುತ್ತೇನೆ, ಎರಡು ಗಂಟೆ ನಡೆಯುತ್ತದೆ, ಊಟದ ಹೊತ್ತಿಗೆ ಇನ್ನೊಮ್ಮೆ. ಅಂದರೆ ‘ಇನ್ನು ವ್ಯಾಕ್ಸೇ ಬೇಡ’ ಎನ್ನುವ ಮಾತು ಜನವರಿಯಲ್ಲಿ ನಿಜ, ಏಪ್ರಿಲ್‌ನಲ್ಲಿ ಅರ್ಧ ನಿಜ.

ವಸಂತದ ಹಿಮದಲ್ಲಿ ವ್ಯಾಕ್ಸಿಗಿಂತ ತಳದ ಗೆರೆಗಳಿಗೆ ಮಹತ್ವ ಜಾಸ್ತಿ ಎನ್ನುವುದನ್ನೂ ಮರೆಯಬೇಡಿ. ಗೆರೆ ಸವೆದು ಗಾಜಿನಂತಾದ ತಳಕ್ಕೆ ಎಷ್ಟು ದುಬಾರಿ ವ್ಯಾಕ್ಸ್ ಹಾಕಿದರೂ ಕಚ್ಚುತ್ತದೆ. ವರ್ಷಕ್ಕೊಮ್ಮೆ ಕಲ್ಲಿನ ಚಕ್ರಕ್ಕೆ ಕೊಟ್ಟು ಗೆರೆ ಹೊಸದಾಗಿ ಹಾಕಿಸಿದರೆ, ಲೇಪವೋ ವ್ಯಾಕ್ಸೋ ಎನ್ನುವ ಅರ್ಧ ಜಗಳ ಅಲ್ಲೇ ತೀರುತ್ತದೆ.

ದುಡ್ಡಿನ ಮಾತು

ಮನೆಯಲ್ಲೇ ಹಚ್ಚುವ ಲೇಪಕ್ಕೆ ಒಂದು ಜೋಡಿಗೆ ಸುಮಾರು ನೂರು ಡಾಲರ್, ಕಲ್ಲಿನ ಚಕ್ರದ ಕೂಲಿ ಬೇರೆ. ಅಂಗಡಿಯಲ್ಲಿ ಒಂದು ಸಲ ವ್ಯಾಕ್ಸ್ ಮಾಡಿಸಲು ಹದಿನೈದು ಇಪ್ಪತ್ತು ಡಾಲರ್. ಮನೆಯ ಸಲಕರಣೆಗೆ ಮೊದಲ ಸಲ ನೂರೈವತ್ತು ಡಾಲರ್‌ವರೆಗೆ ಹೋಗುತ್ತದೆ, ಆಮೇಲೆ ವರ್ಷಕ್ಕೆ ವ್ಯಾಕ್ಸಿನ ಒಂದು ಗಟ್ಟಿಯ ಖರ್ಚು ಅಷ್ಟೇ. ಮನೆಯಲ್ಲಿ ನಾಲ್ಕು ಜೋಡಿ ಸ್ಕೀ ಇದ್ದರೆ ಇಸ್ತ್ರಿ ಗೆಲ್ಲುತ್ತದೆ, ಅನುಮಾನವೇ ಬೇಡ. ಒಂದೇ ಜೋಡಿ, ಫ್ಲ್ಯಾಟಿನಲ್ಲಿ ವಾಸ, ಗ್ಯಾರೇಜ್ ಇಲ್ಲ, ಕಾರ್ಪೆಟ್ ಮೇಲೆ ವ್ಯಾಕ್ಸ್ ಉದುರಿಸುವ ಧೈರ್ಯವಿಲ್ಲ ಎನ್ನುವವರು ಲೇಪ ಹಾಕಿಸಿ. ಎರಡು ಜೋಡಿ ಇದ್ದರೆ ನನ್ನ ಹಾಗೆ ಮಾಡಿ: ಜನವರಿಯ ಮೆದು ಹಿಮ ನೋಡುವ ಅಗಲದ ಸ್ಕೀಗೆ ಲೇಪ, ಗಟ್ಟಿ ಇಳಿಜಾರಿಗೂ ವಸಂತಕ್ಕೂ ಬಳಸುವ ಸಪೂರದ್ದಕ್ಕೆ ವ್ಯಾಕ್ಸ್.

ಹಳೇ ಡಬ್ಬಿಗಳ ಬಗ್ಗೆ ಎಚ್ಚರ

ಸೆಕೆಂಡ್‌ಹ್ಯಾಂಡ್ ಸ್ಕೀ ಜೊತೆ ಯಾರಾದರೂ ಹಳೇ ವ್ಯಾಕ್ಸ್ ಪೆಟ್ಟಿಗೆ ಕೊಟ್ಟರೆ ಲೇಬಲ್ ಓದಿ. ಫ್ಲೋರೋ, ಎಚ್‌ಎಫ್, ಎಲ್‌ಎಫ್ ಎಂದಿದ್ದರೆ ಅದು ಫ್ಲೋರಿನ್ ವ್ಯಾಕ್ಸ್. ಒದ್ದೆ ಹಿಮದಲ್ಲಿ ಅದರಷ್ಟು ವೇಗದ್ದು ಇನ್ನೊಂದಿರಲಿಲ್ಲ, ಆದರೆ ಅದರ ರಾಸಾಯನಿಕಗಳು ಮಣ್ಣಲ್ಲಿ, ನೀರಲ್ಲಿ, ಮೈಯಲ್ಲಿ ಒಡೆದು ನಾಶವಾಗದೆ ಉಳಿಯುತ್ತವೆ. ಇಸ್ತ್ರಿಯ ಬಿಸಿಗೆ ಏಳುವ ಹೊಗೆಯೂ ಕೆಟ್ಟದ್ದು. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 2023–24ರ ಸೀಸನ್‌ನಿಂದ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. 2023ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ನಾರ್ವೆಯ ಸ್ಕೀ ಸ್ಪರ್ಧಿ ರಾಗ್ನ್‌ಹಿಲ್ಡ್ ಮೊವಿಂಕೆಲ್ ಅವರ ಸ್ಕೀ ಫ್ಲೋರಿನ್ ಪರೀಕ್ಷೆಯಲ್ಲಿ ನಪಾಸಾಗಿ ಅವರು ಅನರ್ಹರಾದರು. ನಮ್ಮ ಪಕ್ಕದ ಪಾರ್ಕ್ ಸಿಟಿಯಲ್ಲೂ ಈಗ ಅದಕ್ಕೆ ನಿಷೇಧ. ಸಿಕ್ಕರೆ ಬಳಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಮಾಮೂಲಿ ವ್ಯಾಕ್ಸಿನ ತುರಿಯನ್ನೂ ಹುಲ್ಲಿನ ಮೇಲೆ ಗುಡಿಸಬೇಡಿ. ಕೆಳಗೆ ಬೆಡ್‌ಶೀಟ್ ಹಾಸಲು ಹೇಳಿದ್ದು ಅದಕ್ಕೇ: ನಾಲ್ಕು ಮೂಲೆ ಹಿಡಿದೆತ್ತಿ ಬುಟ್ಟಿಗೆ ಸುರಿದರಾಯಿತು.

ಸ್ಕೀ ಎತ್ತಿಡುವಾಗ

ಏಪ್ರಿಲ್ ಕೊನೆಗೆ ವ್ಯಾಕ್ಸಿನ ಜೋಡಿಯನ್ನು ಶುಚಿ ಮಾಡಿ, ಹಳದಿ ವ್ಯಾಕ್ಸ್ ದಪ್ಪಗೆ ಹಚ್ಚಿ, ಎಡ್ಜ್ ಮೇಲೂ ಹರಿಯಲು ಬಿಡಿ. ಕೆರೆಯಬೇಡಿ. ಲೇಪದ ಜೋಡಿಗೆ ತಳದ ಚಿಂತೆ ಇಲ್ಲ, ಆದರೆ ಎಡ್ಜ್ ಕಬ್ಬಿಣವೇ ಅಲ್ವಾ, ಒಣಗಿಸಿ ಅದರ ಮೇಲೂ ತೆಳ್ಳಗೆ ವ್ಯಾಕ್ಸ್ ಎಳೆಯಿರಿ. ಎರಡನ್ನೂ ಸಡಿಲವಾಗಿ ಕಟ್ಟಿ, ಬಿಸಿಲು ಬೀಳದ, ನೀರು ಕಾಯಿಸುವ ಯಂತ್ರದಿಂದ ದೂರದ ಗೋಡೆಗೆ ನಿಲ್ಲಿಸಿ. ವ್ಯಾಕ್ಸಿನ ಜೋಡಿ ಮೇಲೆ ‘ಕೆರೆದಿಲ್ಲ’ ಎಂದು ಒಂದು ಟೇಪ್ ಅಂಟಿಸಿ. ಹೋದ ನವೆಂಬರ್‌ನಲ್ಲಿ ನಾನು ಅದನ್ನು ಮರೆತು ಹಾಗೇ ಲಿಫ್ಟ್ ಹತ್ತಿದೆ. ಇಳಿಯುವ ಜಾಗದಲ್ಲಿ ಸ್ಕೀ ಅಲ್ಲಾಡಲಿಲ್ಲ. ಹಿಂದಿನ ಕುರ್ಚಿಯ ಇಬ್ಬರು ನನ್ನ ಮೇಲೇ ಇಳಿದರು.